ಒಂದು ಪುಟಕ್ಕೆ ಆರು ತುಂಡು

ಬಾಬು ಸಾಬರ ಅಂಗಡಿಯ ಅಟ್ಟದ ಮೇಲೆ ಏಳು ಡೈರಿಗಳಿವೆ. ಎರಡು ಸಾವಿರನೇ ಇಸವಿಯಿಂದ ಹಿಡಿದು ವರ್ಷಕ್ಕೊಂದು. ಒಂದೊಂದೂ ಉಬ್ಬಿ ದಿಂಬಿನಷ್ಟಾಗಿದೆ, ದಾರ ಸುತ್ತಿ ಕಟ್ಟದಿದ್ದರೆ ಮುಚ್ಚಿಕೊಳ್ಳುವುದಿಲ್ಲ. ಆದರೆ ಏಳರಲ್ಲಿ ಒಂದರೊಳಗೂ ಒಂದಕ್ಷರ ಬರೆದಿಲ್ಲ. ಅಕ್ಷರವಿಲ್ಲದೆ ಡೈರಿ ತುಂಬಿಸಿದ ಈ ಮನುಷ್ಯ, ಅದಕ್ಕೂ ಮುಂಚಿನ ಇಪ್ಪತ್ತಾರು ವರ್ಷ, ಕೊಟ್ಟ ಮಾತಿಗೆ ತಪ್ಪುವುದರಲ್ಲಿ ಭದ್ರಾವತಿಗೇ ಹೆಸರಾಗಿದ್ದವರು.

ಹಳೇ ಸೇತುವೆ ದಾಟಿ ರಂಗಪ್ಪ ಸರ್ಕಲ್ ಕಡೆಗೆ ಬರುವಾಗ, ಹಿಟ್ಟಿನ ಗಿರಣಿಗೂ ಫೋಟೋ ಸ್ಟುಡಿಯೋಗೂ ನಡುವೆ ಸಿಕ್ಕಿಕೊಂಡ ಹಾಗಿರುವ ಎಂಟಡಿ ಅಗಲದ ಅಂಗಡಿ ಅವರದು. ಶಿವಮೊಗ್ಗದಲ್ಲಿ ಚಿಕ್ಕಪ್ಪನ ಕೈಕೆಳಗೆ ಐದು ವರ್ಷ ಗುಂಡಿಗೆ ಕಾಜಾ ಹೊಲಿದು, ಇಪ್ಪತ್ತನೇ ವಯಸ್ಸಿಗೆ ಒಂದು ಹಳೇ ಮಿಷನ್ನಿನ ಜೊತೆ ಇಲ್ಲಿಗೆ ಬಂದು ಲೇಡೀಸ್ ಟೈಲರ್ ಎಂದು ಬೋರ್ಡು ಹಾಕಿದರು. ಅವರ ಕೈಗೆ ಹೆಸರಿಡುವ ಹಾಗಿರಲಿಲ್ಲ. ಕಾರ್ಖಾನೆ ಕ್ವಾರ್ಟರ್ಸಿನ ತಮಿಳು ಹೆಂಗಸರಿಂದ ಹಿಡಿದು ಪೇಪರ್ ಟೌನಿನ ಆಫೀಸರ ಹೆಂಡಂದಿರವರೆಗೆ ಎಲ್ಲರೂ ಅವರ ಹತ್ತಿರವೇ ಬರುತ್ತಿದ್ದರು, ಬೈದುಕೊಂಡೇ ಬರುತ್ತಿದ್ದರು. ಯಾಕೆಂದರೆ ಬಾಬು ಸಾಬರು ಶುಕ್ರವಾರ ಬನ್ನಿ ಅಂದರೆ ಅದು ಎಂದೂ ಆ ಶುಕ್ರವಾರವಾಗಿರುತ್ತಿರಲಿಲ್ಲ. ಹೋಗಿ ಕೇಳಿದರೆ ಬೆಂಚಿನ ಮೇಲೆ ಕೂರಿಸಿ, ಪಕ್ಕದ ಹೋಟೆಲಿನಿಂದ ಟೀ ತರಿಸಿ, ಮುಖದ ತುಂಬ ನಗು ಇಟ್ಟುಕೊಂಡು ಹೇಳುವ ಮಾತು ಒಂದೇ: "ಆಗೋಯ್ತು, ಹುಕ್ ಒಂದು ಹಾಕೋದು ಬಾಕಿ." ಆ ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿರುತ್ತಿರಲಿಲ್ಲ.

ಗಿರಾಕಿಗಳೇನು ಕಡಿಮೆಯವರಲ್ಲ. ಮದುವೆ ಇಪ್ಪತ್ತಕ್ಕಿದ್ದರೆ ಹತ್ತಕ್ಕೆ ಅನ್ನುತ್ತಿದ್ದರು. ಅವರು ಹಾಗೆ ಸುಳ್ಳು ಹೇಳುತ್ತಾರೆ ಎಂದು ಬಾಬು ಸಾಬರಿಗೂ ಗೊತ್ತಿದ್ದುದರಿಂದ ಹತ್ತು ಅಂದಿದ್ದನ್ನು ಹದಿನೆಂಟು ಎಂದು ತಿಳಿಯುತ್ತಿದ್ದರು. ಹೀಗೆ ಎರಡು ಕಡೆಯ ಸುಳ್ಳೂ ಸೇರಿ ಹೇಗೋ ಮುಹೂರ್ತದ ಹೊತ್ತಿಗೆ ರವಿಕೆ ಮೈಮೇಲೆ ಬಂದಿರುತ್ತಿತ್ತು. ದೆವ್ವ ಬಾರದಿರಲೆಂದು ಊರೂರ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದುಕೊಳ್ಳುತ್ತಿದ್ದ ಕಾಲದಲ್ಲಿ, ಯಾರೋ ಕಿಡಿಗೇಡಿ ಅವರ ಅಂಗಡಿಯ ಬಾಗಿಲಿಗೂ ಸೀಮೆಸುಣ್ಣದಲ್ಲಿ ಹಾಗೆಯೇ ಬರೆದು ಹೋಗಿದ್ದ. ಗಿರಣಿಯವರು ಒರೆಸಿ ಅಂದರೆ ಇವರು ಒರೆಸಲಿಲ್ಲ. ಬರೆದದ್ದರಲ್ಲಿ ತಪ್ಪೇನಿದೆ ಎಂದು ಕೇಳಿದರಂತೆ.

ಹಾಗೆಂದು ಬಾಬು ಸಾಬರು ಮೋಸಗಾರರಲ್ಲ. ಎದುರಿಗೆ ನಿಂತವರ ಮುಖ ನೋಡಿ 'ಆಗಲ್ಲ' ಅನ್ನುವುದು ಅವರಿಂದ ಆಗುತ್ತಿರಲಿಲ್ಲ, ಅಷ್ಟೇ. ಬಂದವರಿಗೆಲ್ಲ ಹೂಂ ಅಂದು, ಆಮೇಲೆ ಹಬ್ಬದ ಹಿಂದಿನ ನಾಲ್ಕು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಮಿಷನ್ನು ತುಳಿಯುತ್ತಿದ್ದರು. ಊರಿನ ಎಲ್ಲರ ಹಬ್ಬವೂ ಹೇಗೋ ದಡ ಸೇರುತ್ತಿತ್ತು. ಸೇರದೆ ಉಳಿಯುತ್ತಿದ್ದುದು ಒಂದೇ ಒಂದು ರವಿಕೆ. ಅದು ಅವರ ಹೆಂಡತಿ ಕರೀಮಾಬಿಯದು.

ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಹಾಗೆ. ಪ್ರತಿ ರಂಜಾನಿಗೂ ಕರೀಮಾಬಿಗೆ ಹೊಸ ಸೀರೆ ಬರುತ್ತಿತ್ತು. ಅದರ ಬ್ಲೌಸ್ ಪೀಸು ಗಂಡನ ಅಂಗಡಿಯ ಕಪಾಟು ಸೇರುತ್ತಿತ್ತು. ಮನೆಯದಲ್ಲವೇ, ಎರಡು ಗಂಟೆಯ ಕೆಲಸ, ಕೊನೆಯಲ್ಲಿ ಮಾಡಿದರಾಯಿತು ಎಂದು ಬಾಬು ಸಾಬರು ಪಕ್ಕಕ್ಕಿಡುತ್ತಿದ್ದರು. ಕೊನೆಯ ಆ ಎರಡು ಗಂಟೆ ಯಾವ ವರ್ಷವೂ ಬರುತ್ತಿರಲಿಲ್ಲ. ಹಬ್ಬದ ದಿನ ಕರೀಮಾಬಿ ಹೊಸ ಸೀರೆಗೆ ಬಣ್ಣ ಹತ್ತಿರ ಹತ್ತಿರ ಹೊಂದುವ ಹಳೇ ರವಿಕೆ ತೊಟ್ಟು, ಸೆರಗನ್ನು ಎರಡೂ ಭುಜದ ಮೇಲೆ ಹೊದ್ದು ಓಡಾಡುತ್ತಿದ್ದರು. ತವರಿನಿಂದ ಬಂದ ಕೈಮಿಷನ್ನು ಮನೆಯಲ್ಲಿತ್ತು. ಅದರಲ್ಲಿ ದಿಂಬಿನ ಚೀಲ, ಲಂಗ, ನೇರ ಹೊಲಿಗೆಯದೇನಿದ್ದರೂ ಅವರೇ ಹೊಲಿಯುತ್ತಿದ್ದರು. ಅಂಗಡಿಯ ಹೆಮ್ಮಿಂಗು, ಹುಕ್ಕುಗಳೂ ಅವರ ಕೈಯಿಂದಲೇ ಆಗುತ್ತಿದ್ದವು. ರವಿಕೆಯ ಕಟಿಂಗು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಕಲಿಯುವ ಮನಸ್ಸೂ ಇರಲಿಲ್ಲ. ಟೈಲರನ್ನು ಮದುವೆಯಾದವಳು ತನ್ನ ರವಿಕೆ ತಾನೇ ಹೊಲಿದುಕೊಂಡರೆ ಆ ಮದುವೆಗೆ ಅರ್ಥವೇನು ಎಂಬುದು ಅವರ ವಾದ, ಮತ್ತು ಅದು ಸರಿಯಾದ ವಾದವೇ.

ಎರಡು ಸಾವಿರನೇ ಇಸವಿ ಬಂತು. ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವಂತೆ ಎಂದು ಊರೆಲ್ಲ ಗುಲ್ಲು. ಕಾಲಲ್ಲಿ ತುಳಿಯುವ ಮಿಷನ್ನಿಗೆ ಅದರ ಭಯವಿರಲಿಲ್ಲ. ಆ ವರ್ಷ ರಂಜಾನ್ ಹಬ್ಬ ಬಿದ್ದದ್ದು ಜನವರಿ ಒಂಬತ್ತು, ಭಾನುವಾರ. ಕರೀಮಾಬಿ ಗಿಣಿಹಸಿರು ಸೀರೆ ತಂದಿದ್ದರು. ಹಬ್ಬದ ಬೆಳಿಗ್ಗೆ ಬಾಬು ಸಾಬರು ಈದ್ಗಾದಿಂದ ಬಂದಾಗ ಅವರು ಆ ಹೊಸ ಸೀರೆಗೆ ಹಳೆಯ ಕರೀ ರವಿಕೆ ತೊಟ್ಟು ಶ್ಯಾವಿಗೆಯ ಶೀರ್ ಕುರ್ಮಾ ಬಡಿಸುತ್ತಿದ್ದರು. ಹೊಳಲೂರಿನಲ್ಲಿ ಬೆಳೆದ ಕರೀಮಾಬಿಗೆ ಒಂದು ಅಭ್ಯಾಸ. ಜಗಳವಾಡುವುದಾದರೆ ದಖನಿ ಉರ್ದು, ತೀರ್ಮಾನ ಹೇಳುವುದಾದರೆ ಕನ್ನಡ. ಆವತ್ತು ಬಟ್ಟಲನ್ನು ಗಂಡನ ಮುಂದಿಟ್ಟು ಕನ್ನಡದಲ್ಲಿ ಹೇಳಿದರು.

"ಇಪ್ಪತ್ತೆರಡು ಹಬ್ಬ ಆಯ್ತು. ಮುಂದಿನ ಹಬ್ಬಕ್ಕೆ ನಾನು ಶಿವಮೊಗ್ಗ ಕೋಟೇಲಿ ಬೇರೆ ಟೈಲರ್ ಹತ್ರ ಕೊಡ್ತೀನಿ. ನೀವು ಬೇಜಾರು ಮಾಡ್ಕೋಬೇಡಿ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಅದೇ ಬಾಬು ಸಾಬರನ್ನು ಹೆದರಿಸಿದ್ದು. ಬೈದಿದ್ದರೆ ನಾಳೆ ಹೊಲಿದುಕೊಡುತ್ತೇನೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಟೈಲರನ ಹೆಂಡತಿ ಇನ್ನೊಬ್ಬ ಟೈಲರನ ಅಂಗಡಿಯ ಮೆಟ್ಟಿಲು ಹತ್ತುವುದು ಎಂದರೆ ಏನು? ಊರು ನಗುವುದು ಹಾಗಿರಲಿ, ಅದನ್ನು ಅವರು ತಡೆದುಕೊಳ್ಳುತ್ತಿದ್ದರು. ಇವನಿಂದ ಆಗುವುದಿಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಳಲ್ಲ ಎಂಬುದು ಅವರಿಗೆ ತಡೆಯಲಾಗಲಿಲ್ಲ. ಬಟ್ಟಲು ಹಾಗೇ ಉಳಿಯಿತು.

ಅದೇ ವಾರ ವಿಶಾಲಮ್ಮ ಟೀಚರ್ ಅಂಗಡಿಗೆ ಬಂದರು. ಜನವರಿ ಒಂದಕ್ಕೆ ಶಾಲೆಯ ಸಮಾರಂಭಕ್ಕೆಂದು ಕೊಟ್ಟಿದ್ದ ಅವರ ರವಿಕೆ ನಾಲ್ಕಕ್ಕೆ ಕೈಸೇರಿತ್ತು. ಆ ಕೋಪ ಇನ್ನೂ ಆರಿರಲಿಲ್ಲ. ಮೇಜಿನ ಮೇಲೆ ಒಂದು ಡೈರಿ ಇಟ್ಟು, ಇದನ್ನು ಇಟ್ಟುಕೊಳ್ಳಿ, ನಮ್ಮ ಯಜಮಾನರಿಗೆ ಎರಡು ಬಂದಿತ್ತು ಅಂದರು. ಡಿಸೆಂಬರಿನಲ್ಲಿ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಟೀಚರುಗಳಿಗೆ ಮೂರು ದಿನದ ತರಬೇತಿ ನಡೆದಿತ್ತಂತೆ. ಹೊಸ ವರ್ಷಕ್ಕೆ ಮೊದಲು ಒಂದು ದೊಡ್ಡ ಗುರಿ ಇಟ್ಟುಕೊಳ್ಳಬೇಕು, ಆಮೇಲೆ ತಿಂಗಳದ್ದು, ವಾರದ್ದು, ದಿನದ್ದು ಎಂದು ಒಡೆದುಕೊಂಡು ಬರಬೇಕು ಎಂದು ಅಲ್ಲಿ ಹೇಳಿಕೊಟ್ಟರಂತೆ. ತರಬೇತಿಯಿಂದ ಬಂದವರು ಅದನ್ನು ಯಾರಿಗಾದರೂ ಹೇಳದೆ ಬಿಡುವುದುಂಟೇ? ಮಕ್ಕಳಿಗೆ ಹೇಳಿ ಮುಗಿದಿತ್ತು, ಈಗ ಬಾಬು ಸಾಬರ ಸರದಿ.

"ಗುರಿ ಅಂದ್ರೆ ಏನು ಟೀಚರ್?" ಎಂದು ಬಾಬು ಸಾಬರು ನಿಜವಾಗಿ ತಿಳಿಯಬೇಕೆಂದೇ ಕೇಳಿದರು.

"ವರ್ಷದ ಕೊನೇಲಿ ಏನಾಗಿರ್ಬೇಕು ಅಂತ ಇವತ್ತೇ ಬರೆದಿಡೋದು, ಬಾಬು ಸಾಬ್ರೇ."

ಅವರು ಹೋದ ಮೇಲೆ ಬಾಬು ಸಾಬರು ಡೈರಿ ತೆರೆದು ಬಹಳ ಹೊತ್ತು ಕೂತರು. ಓದಿದ್ದು ಉರ್ದು ಶಾಲೆಯಲ್ಲಿ ಮೂರನೇ ಕ್ಲಾಸು. ಕನ್ನಡದಲ್ಲಿ ಬೋರ್ಡು ಓದುತ್ತಿದ್ದರು, ಅಳತೆಯ ಅಂಕಿ ಬರೆಯುತ್ತಿದ್ದರು. ಒಂದು ಸಾಲು ಬರೆಯುವಷ್ಟರಲ್ಲಿ ಒಂದು ತೋಳು ಕೂಡಿಸಬಹುದಿತ್ತು. ಕೊನೆಗೆ ತಮಗೆ ತಿಳಿದ ದಾರಿಯನ್ನೇ ಹಿಡಿದರು. ಯಾವ ರವಿಕೆ ಯಾರದು ಎಂದು ಗುರುತಿಗೆ ಬಟ್ಟೆಯ ಮೂಲೆಯಿಂದ ಉಗುರಗಲದ ತುಂಡು ಕತ್ತರಿಸಿ ಚೀಟಿಗೆ ಚುಚ್ಚಿಡುವುದು ಟೈಲರುಗಳ ರೂಢಿ. ಆ ತುಂಡನ್ನೇ ಡೈರಿಯ ಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿದರೆ ಬರೆಯುವ ಕೆಲಸವೇ ಇಲ್ಲ.

ಮುಂದಿನ ಹಬ್ಬ ಯಾವತ್ತು ಎಂದು ಮಗಳು ಅರ್ಷಿಯಾಳನ್ನು ಕೇಳಿದರು. ಪಿಯುಸಿ ಓದುತ್ತಿದ್ದ ಹುಡುಗಿ ಲೆಕ್ಕ ಹಾಕಿ ನಕ್ಕಳು. ನಮ್ಮ ಹಬ್ಬ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಈ ಇಸವಿಯಲ್ಲಿ ಎರಡು ರಂಜಾನ್ ಬರುತ್ತೆ ಅಬ್ಬಾ, ಇನ್ನೊಂದು ಡಿಸೆಂಬರ್ ಇಪ್ಪತ್ತೆಂಟಕ್ಕೆ ಅಂದಳು. ಜನವರಿಯಲ್ಲಿ ಫೇಲಾದವರಿಗೆ ಅದೇ ವರ್ಷ ಸಪ್ಲಿಮೆಂಟರಿ ಪರೀಕ್ಷೆ ಸಿಕ್ಕ ಹಾಗಾಯಿತು. ಬಾಬು ಸಾಬರು ಕಪಾಟಿನಿಂದ ಗಿಣಿಹಸಿರು ಪೀಸು ತೆಗೆದು, ಮೂಲೆಯಿಂದ ಒಂದು ತುಂಡು ಕತ್ತರಿಸಿ, ಡಿಸೆಂಬರ್ ಇಪ್ಪತ್ತೇಳರ ಪುಟಕ್ಕೆ ಚುಚ್ಚಿದರು. ಡೈರಿಗೆ ಬಿದ್ದ ಮೊದಲ ಸೂಜಿ ಅದು. ಗುರಿ ಇಟ್ಟಾಯಿತು ಎಂದು ಅವರಿಗೆ ಸಮಾಧಾನವಾಯಿತು. ಗುರಿ ಇಟ್ಟುಕೊಂಡವರೆಲ್ಲ ಮೊದಲು ಮಾಡುವ ತಪ್ಪು ಇದೇ, ಇಟ್ಟದ್ದಕ್ಕೇ ಅರ್ಧ ಮುಗಿಯಿತು ಎಂದು ಮಲಗಿಬಿಡುತ್ತಾರೆ.

ಗಿರಾಕಿಗಳ ತುಂಡುಗಳೂ ಹಾಗೆಯೇ, ಕೊಡುತ್ತೇನೆ ಎಂದ ದಿನದ ಪುಟಕ್ಕೆ ಹೋದವು. ಬರುಬರುತ್ತಾ ಯುಗಾದಿ ಹತ್ತಿರವಾಯಿತು. ಏಪ್ರಿಲ್ ಐದು ಹಬ್ಬ. ಎಲ್ಲರಿಗೂ ನಾಲ್ಕಕ್ಕೆ ಬನ್ನಿ ಎಂದಿದ್ದರು. ಮಾರ್ಚ್ ಕೊನೆಯಲ್ಲಿ ಒಂದು ದಿನ ಡೈರಿ ಮುಚ್ಚಲು ಹೋದರೆ ಮುಚ್ಚಿಕೊಳ್ಳಲಿಲ್ಲ. ತೆರೆದು ನೋಡಿದರೆ ಏಪ್ರಿಲ್ ನಾಲ್ಕರ ಪುಟದಲ್ಲಿ ಮೂವತ್ತೊಂದು ತುಂಡು, ಒಂದರ ಮೇಲೊಂದು ಹತ್ತಿ ಕೂತಿವೆ. ಹಿಂದಿನ ಎರಡು ವಾರದ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು.

ಇಪ್ಪತ್ತಾರು ವರ್ಷ ಬಾಯಲ್ಲಿ ಕೊಟ್ಟ ಮಾತು ಗಾಳಿಗೆ ಹೋಗುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಈಗ ಕಂಡಿತು. ಒಂದು ದಿನಕ್ಕೆ ತಮ್ಮ ಕೈಯಿಂದ ಎಷ್ಟು ಆಗುತ್ತದೆ ಎಂದು ಅವರು ಆವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ. ಬೆಳಿಗ್ಗೆ ಕಾರ್ಖಾನೆಯ ಸೈರನ್ನಿಗೆ ಅಂಗಡಿ ತೆಗೆದು ದೀಪ ಹಚ್ಚುವ ಹೊತ್ತಿಗೆ ಮುಚ್ಚಿದರೆ, ಒಳ್ಳೆಯ ಕೆಲಸ ಆರು ರವಿಕೆ. ಏಳನೆಯದಕ್ಕೆ ಹೊಲಿಗೆ ಸೊಟ್ಟ. ಆರು ಎಂಬ ಸತ್ಯ ತಿಳಿಯಲು ಇಪ್ಪತ್ತಾರು ವರ್ಷ ಬೇಕಾಯಿತಲ್ಲ ಎಂದು ನಗಬೇಡಿ, ನಮ್ಮ ಆರು ಎಷ್ಟು ಎಂದು ನಮಗೆಷ್ಟು ಜನಕ್ಕೆ ಗೊತ್ತು?

ಆ ಯುಗಾದಿ ಹಳೇ ಯುಗಾದಿಗಳ ಹಾಗೆಯೇ ಬೈಗುಳ ತಿಂದು ಮುಗಿಯಿತು. ಹಬ್ಬದ ಮಾರನೆಯ ದಿನ ಬಾಬು ಸಾಬರು ಡೈರಿಯ ಸೂಜಿಗಳನ್ನೆಲ್ಲ ಕಿತ್ತು ಹೊಸದಾಗಿ ಚುಚ್ಚಿದರು. ಕೊಡುವ ದಿನಕ್ಕಲ್ಲ, ಹೊಲಿಯುವ ದಿನಕ್ಕೆ. ಒಂದು ಪುಟಕ್ಕೆ ಆರು ತುಂಡು, ಏಳನೆಯದು ಬಂದರೆ ಮುಂದಿನ ಪುಟ.

ಕಾನೂನು ಮಾಡುವುದು ಸುಲಭ. ಅದು ಮೊದಲು ಎದುರಾದದ್ದು, ಗ್ರಹಚಾರ ನೋಡಿ, ವಿಶಾಲಮ್ಮ ಟೀಚರಿಗೇ. ಮೇ ತಿಂಗಳಲ್ಲಿ ಅಕ್ಕನ ಮಗಳ ಮದುವೆಗೆ ಎರಡೇ ದಿನದಲ್ಲಿ ರವಿಕೆ ಬೇಕೆಂದು ಬಂದರು. ಬಾಬು ಸಾಬರ ನಾಲಿಗೆಯ ತುದಿಗೆ ಹೂಂ ಬಂದುಬಿಟ್ಟಿತ್ತು. ಅದನ್ನು ನುಂಗಿಕೊಂಡು, ಮುಖ ನೋಡಿದರೆ ಸೋಲುತ್ತೇನೆಂದು ಡೈರಿಯನ್ನೇ ನೋಡುತ್ತಾ, ಪುಟ ತೆರೆದು ಅವರ ಕಡೆಗೆ ತಿರುಗಿಸಿದರು.

"ಈ ಪುಟದಲ್ಲಿ ಜಾಗ ಇಲ್ಲ ಟೀಚರ್. ಶನಿವಾರಕ್ಕೆ ಆಗುತ್ತೆ."

"ನಾನು ಕೊಟ್ಟ ಡೈರೀಲಿ ನನಗೇ ಜಾಗ ಇಲ್ವಾ?" ಅಂದರು ವಿಶಾಲಮ್ಮ.

ಬಾಬು ಸಾಬರು ಡೈರಿಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ತಳ್ಳಿದರು. ವಿಶಾಲಮ್ಮ ಬಗ್ಗಿ ಆ ಪುಟವನ್ನು ನೋಡಿದರು. ಆರು ತುಂಡು, ಆರು ಬಣ್ಣ, ಸಾಲಾಗಿ. ಹಿಂದಿನ ಪುಟ, ಮುಂದಿನ ಪುಟ ತಿರುವಿದರು. ಅಲ್ಲೂ ಹಾಗೆಯೇ. ತರಬೇತಿಗೆ ಬಂದಿದ್ದ ನಲವತ್ತು ಟೀಚರುಗಳಲ್ಲಿ ಒಬ್ಬರೂ ಗುರಿಯ ಡೈರಿಯನ್ನು ಫೆಬ್ರವರಿ ದಾಟಿಸಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು, ತಾವೂ ಸೇರಿ. ಮದುವೆಗೆ ಬೇರೆ ರವಿಕೆ ಹಾಕಿಕೊಳ್ಳುತ್ತೇನೆ, ಬೀಗರ ಊಟಕ್ಕೆ ಇದು ಇರಲಿ ಎಂದು ಹೇಳಿ, ಶನಿವಾರಕ್ಕೆ ಒಪ್ಪಿ ಹೋದರು. ಶನಿವಾರ ಬಂದಾಗ ರವಿಕೆ ಇಸ್ತ್ರಿಯಾಗಿ ಕಾಗದದಲ್ಲಿತ್ತು, ಹುಕ್ಕೂ ಬಾಕಿಯಿರಲಿಲ್ಲ.

ಆಮೇಲೆ ಕೆಲವು ಗಿರಾಕಿಗಳು ಮುನಿಸಿಕೊಂಡು ಬೇರೆ ಕಡೆ ಹೋದರು, ಹೋದವರಲ್ಲಿ ಮುಕ್ಕಾಲು ಪಾಲು ವಾಪಸ್ಸು ಬಂದರು. ವರಮಹಾಲಕ್ಷ್ಮಿಗೆ ಬೇಕಾದವರು ಒಂದು ತಿಂಗಳು ಮುಂಚೆ ಬಂದು, ನಮ್ಮ ತುಂಡು ಚುಚ್ಚಿ, ಕಣ್ಣೆದುರೇ ಚುಚ್ಚಿ ಎಂದು ನಿಂತು ನೋಡಿ ಹೋಗುವುದು ರೂಢಿಯಾಯಿತು. ದಿನಾಂಕದಲ್ಲಿ ಸುಳ್ಳು ಹೇಳುವುದನ್ನೂ ಬಿಟ್ಟರು. ಬಾಬು ಸಾಬರ ಮನೆಯಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಗಂಡ, ಹೆಂಡತಿ, ಮಗಳು ಒಟ್ಟಿಗೆ ಕೂತು ಊಟ ಮಾಡುವ ಹಾಗಾಯಿತು. ಕರೀಮಾಬಿ ಹೆಮ್ಮಿಂಗ್ ಮುಗಿಸಿದ ರವಿಕೆಗಳನ್ನು ಅಂಗಡಿಗೆ ತಂದುಕೊಡುವಾಗಲೆಲ್ಲ ಡೈರಿಯ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದರು.

ಇಷ್ಟೆಲ್ಲ ಸರಿಹೋದ ಮೇಲೂ ಒಂದು ತುಂಡು ಮಾತ್ರ ಇದ್ದಲ್ಲೇ ಇತ್ತು. ನವೆಂಬರ್ ಕೊನೆ, ಉಪವಾಸ ಶುರುವಾಗಿತ್ತು. ಅರ್ಷಿಯಾ ಅಂಗಡಿಯಲ್ಲಿ ಕೂತು ಡೈರಿ ತಿರುವುತ್ತಿದ್ದವಳು ತಲೆ ಎತ್ತಿ, ಅಬ್ಬಾ, ಅಮ್ಮಿದು ಇನ್ನೂ ಇಪ್ಪತ್ತೇಳರ ಪುಟದಲ್ಲೇ ಇದೆಯಲ್ಲ ಅಂದಳು. ಬಾಬು ಸಾಬರು ಕತ್ತರಿ ಕೆಳಗಿಟ್ಟರು. ಊರಿನವರ ತುಂಡುಗಳನ್ನೆಲ್ಲ ಹೊಲಿಯುವ ದಿನಕ್ಕೆ ತಂದವರು, ಹಸಿರು ತುಂಡನ್ನು ಮಾತ್ರ ಹಬ್ಬದ ಹಿಂದಿನ ದಿನದಲ್ಲೇ ಬಿಟ್ಟಿದ್ದರು. ಎರಡು ಗಂಟೆಯ ಕೆಲಸ, ಮನೆಯದು. ನಾಯಿ ಬಾಲ ಡೊಂಕು. ಇಪ್ಪತ್ತೇಳಕ್ಕೆ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆಗಲೇ ಸೂಜಿ ಕಿತ್ತು ಡಿಸೆಂಬರ್ ನಾಲ್ಕು, ಸೋಮವಾರದ ಪುಟಕ್ಕೆ, ಆರರಲ್ಲಿ ಮೊದಲನೆಯದಾಗಿ ಚುಚ್ಚಿದರು.

ಸೋಮವಾರ ಬೆಳಿಗ್ಗೆ ಬಿಸ್ಮಿಲ್ಲಾ ಎಂದು ಕಪಾಟು ತೆಗೆದರೆ ಹಸಿರು ಪೀಸು ಇರಲಿಲ್ಲ. ಮೇಲಿನ ಖಾನೆ, ಕೆಳಗಿನ ಖಾನೆ, ಚಿಂದಿಯ ಚೀಲ ಎಲ್ಲ ಹುಡುಕಿದರು. ಹುಡುಕುವಾಗಲೇ ಗೊತ್ತಾಗಿಹೋಗಿತ್ತು. ಸಂಜೆ ಅರ್ಷಿಯಾಳನ್ನು ಕೇಳಿದಾಗ ಅವಳು ತಲೆ ತಗ್ಗಿಸಿ ಒಪ್ಪಿಕೊಂಡಳು. ಅಮ್ಮಿ ಒಂದು ತಿಂಗಳ ಹಿಂದೆಯೇ ಅದನ್ನು ಶಿವಮೊಗ್ಗ ಕೋಟೆಯ ಗಂಗಾಧರಪ್ಪ ಎಂಬ ಟೈಲರಿಗೆ ಕೊಟ್ಟಿದ್ದಾಳೆ. ತಂಗಿಯ ಮನೆಗೆಂದು ಹೇಳಿ ಎರಡು ಸಲ ಹೋಗಿ ಕೇಳಿಕೊಂಡೂ ಬಂದಿದ್ದಾಳೆ. ಅವರು ಇನ್ನೂ ಕೊಟ್ಟಿಲ್ಲ. ಇವರು ಸೂಜಿ ಬದಲಾಯಿಸಿದ ದಿನವೇ ಖಾನೆ ಖಾಲಿಯಿತ್ತು. ಬಾಬು ಸಾಬರಿಗೆ ಅಳು ಬರುವಂತಾಯಿತು. ಒಂದು ವರ್ಷ ಪರೀಕ್ಷೆಗೆ ಓದಿಕೊಂಡು ಹೋದವನಿಗೆ ಬಾಗಿಲಲ್ಲಿ ಪರೀಕ್ಷೆ ಮುಗಿಯಿತು ಅಂದಂತೆ. ಹೇಳಿ ಮಾಡಿದ ಹೆಂಡತಿಯನ್ನು ಏನೆಂದು ಕೇಳುವುದು?

ಮಾರನೆಯ ದಿನ ಬೆಳಿಗ್ಗೆ ಅಂಗಡಿ ತೆಗೆಯುವ ಬದಲು, ಆವತ್ತಿನ ಆರು ತುಂಡನ್ನು ರಜೆಯ ದಿನದ ಪುಟಕ್ಕೆ ಸರಿಸಿ, ಶಿವಮೊಗ್ಗದ ಬಸ್ಸು ಹತ್ತಿದರು. ಹೊಳೆ ಬಸ್ ಸ್ಟಾಪಿನಲ್ಲಿ ಇಳಿದು, ಕೋಟೆಯ ಬೀದಿಯಲ್ಲಿ ಹೂವಿನವರನ್ನು ಕೇಳಿಕೊಂಡು ಗಂಗಾಧರಪ್ಪನವರ ಅಂಗಡಿ ಹುಡುಕಿದರು. ಅರವತ್ತರ ಹತ್ತಿರದ ಹಸನ್ಮುಖಿ. ಕರೀಮಾಬಿ ಅನ್ನುವವರ ಬಟ್ಟೆ, ಹಸಿರು, ಅಂದ ಕೂಡಲೇ ಬೆಂಚು ತೋರಿಸಿ ಕೂರಿಸಿದರು, ಟೀ ಹೇಳಲೇ ಅಂದರು. ಉಪವಾಸ ಎಂದಾಗ ಪಾಪ ಎಂದು ಮರುಗಿದರು. ಆಮೇಲೆ ಮುಖದ ತುಂಬ ನಗು ತಂದುಕೊಂಡು ಹೇಳಿದರು.

"ಆಗೋಯ್ತು ಸಾಬ್ರೇ, ಹುಕ್ ಒಂದು ಹಾಕೋದು ಬಾಕಿ. ನಾಳೆ ಬಂದ್ಬಿಡಿ."

ಅವರ ಬೆನ್ನ ಹಿಂದಿನ ಕಪಾಟಿನಲ್ಲಿ, ಕರೀಮಾಬಿ ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು. ಗಂಟಿನ ಸಂದಿಯಿಂದ ಗಿಣಿಹಸಿರು ಇಣುಕುತ್ತಿತ್ತು.

ಗಿರಾಕಿಯ ಬೆಂಚಿನ ಮೇಲೆ ಬಾಬು ಸಾಬರು ಕೂತದ್ದು ಜೀವನದಲ್ಲಿ ಅದೇ ಮೊದಲು. ಅಲ್ಲಿ ಕೂತು ಕೇಳಿದರೆ ಆ ಮಾತು ಬೇರೆಯೇ ಕೇಳಿಸುತ್ತದೆ. ಎಷ್ಟು ಸಾವಿರ ಜನ ತಮ್ಮ ಬೆಂಚಿನಲ್ಲಿ ಕೂತು, ಹಿಂದಿನ ಖಾನೆಯಲ್ಲಿ ತಮ್ಮ ಬಟ್ಟೆಯನ್ನು ನೋಡುತ್ತಲೇ, ಹೂಂ ನಾಳೆ ಬರ್ತೀವಿ ಎಂದು ಎದ್ದು ಹೋಗಿರಬಹುದು! ಅವರಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಅರ್ಜೆಂಟು ಏನಿಲ್ಲ, ಮನೆಯಲ್ಲಿ ಬೇಡ ಅಂದರು, ಬಟ್ಟೆ ಇದ್ದ ಹಾಗೇ ಕೊಟ್ಟುಬಿಡಿ ಎಂದು ಮೆತ್ತಗೆ ಕೇಳಿದರು. ಗಂಗಾಧರಪ್ಪನವರ ಮುಖ ಸಣ್ಣದಾಯಿತು. ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. ಅದರಲ್ಲಿ ಹಸಿರು ಪೀಸು, ಅಳತೆಗೆ ಒಂದು ಹಳೇ ರವಿಕೆ, ಮತ್ತೆ ಮಡಿಚಿದ ಒಂದು ಬಿಳೀ ಬಟ್ಟೆ ಇತ್ತು.

"ಈ ಬಿಳೀದು?" ಅಂದರು ಬಾಬು ಸಾಬರು.

"ಅದು ಅವರ ಯಜಮಾನ್ರಿಗೆ ಜುಬ್ಬಾ. ಪಾಪ, ಅವ್ರೂ ಹಬ್ಬಕ್ಕೆ ಹೊಸ ಬಟ್ಟೆ ಹಾಕಿ ಇಪ್ಪತ್ತೆರಡು ವರ್ಷ ಆಯ್ತಂತೆ. ಪುರ್ಸೊತ್ತೇ ಇಲ್ವಂತೆ ಮನುಷ್ಯಂಗೆ. ಏನು ಕೆಲಸ ಮಾಡ್ತಾರಮ್ಮ ಅಂತ ಕೇಳ್ದೆ, ಹೇಳ್ಲೇ ಇಲ್ಲ."

ಬಾಬು ಸಾಬರೂ ಹೇಳಲಿಲ್ಲ. ಗಂಟು ಕಟ್ಟಿಕೊಂಡು ಎದ್ದವರು ಬಾಗಿಲಲ್ಲಿ ತಿರುಗಿ, ಹೊಸ ವರ್ಷ ಬರುತ್ತಿದೆ, ಒಂದು ಡೈರಿ ಇಟ್ಟುಕೊಳ್ಳಿ ಗಂಗಾಧರಪ್ಪನವರೇ ಎಂದು ಮಾತ್ರ ಹೇಳಿ ಬಂದರು.

ವಾಪಸ್ಸು ಬರುವ ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತರು. ತನ್ನ ರವಿಕೆಯದು ಮಾತ್ರ ಲೆಕ್ಕ ಇಟ್ಟಿದ್ದಾಳೆ ಎಂದುಕೊಂಡಿದ್ದರು. ತಾವು ಒಗೆದ ಹಳೇ ಅಂಗಿಯಲ್ಲೇ ಈದ್ಗಾಕ್ಕೆ ಹೋಗುತ್ತಿದ್ದುದನ್ನು ತಾವೇ ಗಮನಿಸಿರಲಿಲ್ಲ, ಅವಳು ಗಮನಿಸಿದ್ದಳು. ಬೇರೆ ಟೈಲರನ ಮುಂದೆ ನಿಂತು ಗಂಡನ ಕಸುಬಿನ ಬಗ್ಗೆ ಬಾಯಿಬಿಡದೆ, ಅವರ ಮಾನ ಉಳಿಸಿಕೊಂಡು ಬಂದಿದ್ದಳು. ಅಳತೆಯ ರವಿಕೆಯನ್ನು ಬಿಡಿಸಿ ನೋಡಿದರು. ಮದುವೆಯ ತಿಂಗಳಲ್ಲಿ ತಾವೇ ಹೊಲಿದದ್ದು, ಹೇಳಿದ ದಿನಕ್ಕೆ ಅವಳಿಗೆ ಕೊಟ್ಟ ಮೊದಲನೆಯದು ಮತ್ತು ಕೊನೆಯದು. ಪಕ್ಕದ ಹೊಲಿಗೆಯನ್ನು ವರ್ಷ ಕಳೆದಂತೆ ಮೂರು ಸಲ ಬಿಚ್ಚಿ, ಕೈಯಲ್ಲೇ ಹೊಲಿದು ಅಗಲ ಮಾಡಿಕೊಂಡಿದ್ದಳು. ಬಾಬು ಸಾಬರಿಗೆ ನಾಚಿಕೆಯೂ ಸಂತೋಷವೂ ಒಟ್ಟಿಗೆ ಆಗಿ, ಭದ್ರಾವತಿ ಬರುವವರೆಗೆ ಕರ್ಚೀಫು ಜೇಬಿಗೆ ಹೋಗಲಿಲ್ಲ.

ಬುಧವಾರ ಬೆಳಿಗ್ಗೆ ಮೊದಲ ಕತ್ತರಿ ಹಸಿರಿಗೆ. ಎರಡು ಗಂಟೆ ಹಿಡಿಯಲೂ ಇಲ್ಲ. ಸಂಜೆ ಇಫ್ತಾರ್ ಆದ ಮೇಲೆ ಕಾಗದದ ಪೊಟ್ಟಣವನ್ನು ಕರೀಮಾಬಿಯ ಮುಂದಿಟ್ಟರು. ಕರೀಮಾಬಿ ಬಿಡಿಸಿ ನೋಡಿದರು. ಕೊರಳು ನೋಡಿದರು, ತೋಳು ನೋಡಿದರು, ಆಮೇಲೆ ಒಳಮಗ್ಗುಲು ತಿರುಗಿಸಿದರು. ಮುಂದೆ ಬಿಚ್ಚಿ ಅಗಲ ಮಾಡಿಕೊಳ್ಳಲು ಎರಡೂ ಪಕ್ಕ ಎರಡೆರಡು ಬೆರಳು ಬಟ್ಟೆ ಬಿಟ್ಟಿತ್ತು. ಅವರು ಬಹಳ ಹೊತ್ತು ಆ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಇಷ್ಟು ಬೇಗ ಕೊಟ್ರೆ ಹಬ್ಬದ ತನಕ ಎಲ್ಲಿ ಇಡ್ಲಿ ಮಾರಾಯ್ರೇ?" ಅಂದರು ಕೊನೆಗೆ, ಕನ್ನಡದಲ್ಲಿ.

ಬಿಳೀ ಬಟ್ಟೆ ಅಂಗಡಿಯ ಕಪಾಟು ಸೇರಿತು. ಬಾಬು ಸಾಬರು ಡೈರಿ ತಿರುವಿದರು. ರಂಜಾನ್, ಕ್ರಿಸ್‌ಮಸ್, ಶಾಲೆಗಳ ವಾರ್ಷಿಕೋತ್ಸವ ಎಲ್ಲ ಒಟ್ಟಿಗೆ ಬಂದಿದ್ದರಿಂದ ಇಪ್ಪತ್ತಾರರವರೆಗೆ ಪುಟಪುಟದಲ್ಲೂ ಆರು. ಇಪ್ಪತ್ತೇಳನ್ನು ಮಾತ್ರ, ಏನಾದರೂ ಉಳಿದುಬಿಟ್ಟರೆ ಎಂದು ಖಾಲಿ ಬಿಟ್ಟಿದ್ದರು. ನನ್ನದೇನು ಬಿಡು, ಜುಬ್ಬಾ ತಾನೇ, ಎರಡು ಗಂಟೆಯ ಕೆಲಸ, ಹಬ್ಬ ಆದ ಮೇಲೆ ಮಾಡಿದರಾಯಿತು ಎಂದುಕೊಂಡರು. ಕೇಳಿದಿರಲ್ಲ? ಹೆಂಡತಿಯ ವಿಷಯದಲ್ಲಿ ಬುದ್ಧಿ ಕಲಿತ ಮನುಷ್ಯ ತನ್ನ ವಿಷಯದಲ್ಲಿ ಅದೇ ಗುಂಡಿಗೆ ಅಷ್ಟೇ ನೆಮ್ಮದಿಯಿಂದ ಬಿದ್ದಿದ್ದರು.

ಡಿಸೆಂಬರ್ ಇಪ್ಪತ್ತಾರರ ಆರನೆಯ ರವಿಕೆ ಇಪ್ಪತ್ತಾರಕ್ಕೇ ಮುಗಿಯಿತು. ಮಾರನೆಯ ದಿನ ಬಂದವರಿಗೆಲ್ಲ ಪೊಟ್ಟಣ ಕೊಟ್ಟು ಮುಗಿಸಿದಾಗ ಇಳಿಮಧ್ಯಾಹ್ನ, ಅಸರ್ ನಮಾಜಿನ ಹೊತ್ತು. ಮಾಡಲು ಏನೂ ಇರಲಿಲ್ಲ. ಹಬ್ಬದ ಹಿಂದಿನ ದಿನ, ಹಗಲಿರುವಾಗಲೇ ಕೈ ಖಾಲಿ! ಬಾಬು ಸಾಬರು ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ, ಅಭ್ಯಾಸಬಲದಿಂದ ಡೈರಿ ತೆರೆದು ಆ ದಿನದ ಪುಟಕ್ಕೆ ಬಂದರು.

ಖಾಲಿ ಬಿಟ್ಟಿದ್ದ ಪುಟ ಖಾಲಿಯಿರಲಿಲ್ಲ. ಜನವರಿಯಲ್ಲಿ ಹಸಿರು ತುಂಡು ಚುಚ್ಚಿದ್ದ ತೂತಿನ ಮೇಲೆಯೇ ಒಂದು ಬಿಳೀ ತುಂಡು. ಅಂಚು ಸೊಟ್ಟ ಕತ್ತರಿಸಿತ್ತು, ಟೈಲರ್ ಕತ್ತರಿಸಿದ ತುಂಡಲ್ಲ ಅದು. ಎದ್ದು ಕಪಾಟು ನೋಡಿದರು. ಬಿಳೀ ಬಟ್ಟೆ ಇರಲಿಲ್ಲ.

ಚಂದ್ರ ಕಾಣುವುದಕ್ಕೆ ಮುಂಚೆಯೇ ಬಾಬು ಸಾಬರು ಮನೆ ಸೇರಿದರು. ಕೈಮಿಷನ್ನಿನ ಸುತ್ತ ಬಿಳೀ ದಾರದ ಚೂರುಗಳು ಬಿದ್ದಿದ್ದವು. ಗೋಡೆಯ ಮೊಳೆಗೆ ಜುಬ್ಬಾ ನೇತುಹಾಕಿತ್ತು. ನೇರ ಹೊಲಿಗೆಯಲ್ಲೇ ಆಗುವಂಥದ್ದು, ಅವರ ಹಳೇ ಅಂಗಿಯ ಅಳತೆಯದು. ಅವರು ಹತ್ತಿರ ಹೋಗಿ ನೋಡಿದರು. ಇಪ್ಪತ್ತಾರು ವರ್ಷದ ಕಣ್ಣಿಗೆ ಬಲತೋಳು ಅರ್ಧ ಇಂಚು ಉದ್ದವಿರುವುದು ಅಲ್ಲಿಂದಲೇ ಕಂಡಿತು. ಕರೀಮಾಬಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದರು. ಬಾಬು ಸಾಬರು ಟೇಪು ತೆಗೆಯಲಿಲ್ಲ.

ಹಬ್ಬದ ಮಧ್ಯಾಹ್ನ ವಿಶಾಲಮ್ಮ ಟೀಚರ್ ಬಂದರು, ಕೈಯಲ್ಲಿ ಎರಡು ಸಾವಿರದ ಒಂದನೇ ಇಸವಿಯ ಡೈರಿ. ಕರೀಮಾಬಿ ಗಿಣಿಹಸಿರು ಸೀರೆ, ಗಿಣಿಹಸಿರು ರವಿಕೆಯಲ್ಲಿ, ಸೆರಗನ್ನು ಒಂದೇ ಭುಜಕ್ಕೆ ಹಾಕಿಕೊಂಡು ಶೀರ್ ಕುರ್ಮಾ ತಂದಿಟ್ಟರು. ವಿಶಾಲಮ್ಮ ಅವರನ್ನು ಹೊಗಳಿ, ಆಮೇಲೆ ಬಾಬು ಸಾಬರನ್ನು ಮೇಲಿಂದ ಕೆಳಗೆ ನೋಡಿದರು. ಟೀಚರ್ ಕಣ್ಣಿಗೆ ತಪ್ಪು ಕಾಣದೆ ಇರುತ್ತದೆಯೇ?

"ಜುಬ್ಬಾ ಚೆನ್ನಾಗಿದೆ. ಬಲಗೈ ಒಂಚೂರು ಉದ್ದ ಆಯ್ತಲ್ವಾ? ಯಾರ ಹತ್ರ ಹೊಲ್ಸಿದ್ರಿ?"

ಅಡುಗೆಮನೆಗೆ ಹೊರಟಿದ್ದ ಕರೀಮಾಬಿ ನಿಂತರು. ಬಾಬು ಸಾಬರು ಬಲತೋಳನ್ನು ಒಂದು ಮಡಿಕೆ ಮೇಲಕ್ಕೆ ಮಡಿಚಿಕೊಂಡರು.

"ಇಲ್ಲೇ ಭದ್ರಾವತೀಲಿ ಒಬ್ರಿದ್ದಾರೆ ಟೀಚರ್," ಅಂದರು. "ಹೇಳಿದ ದಿನಕ್ಕೆ ಕೊಡ್ತಾರೆ."

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವರಿಗೆ ಇನ್ನೊಂದು ಬಟ್ಟಲು ಶೀರ್ ಕುರ್ಮಾ ಬಂತು. ಈ ಸಲ ಬಟ್ಟಲು ಖಾಲಿಯಾಯಿತು.